ಬೆನ್ನ ಹಿಂದೆ ಯಾರೂ ಇಲ್ಲದಾಗ

(ಆಷಾಢದ ಒಂದು ಸಂಜೆ. ತೀರ್ಥಹಳ್ಳಿ ಸೀಮೆಯ ಹಳ್ಳಿಮನೆಯ ಜಗಲಿ. ಮಾತಾಡುತ್ತಿರುವವರು ಇಬ್ಬರು: ಪೇಟೆಯಲ್ಲಿ ಬಹುಕಾಲ ಫೋಟೊ ಸ್ಟುಡಿಯೊ ನಡೆಸಿ ಈಗ ತೋಟ ನೋಡಿಕೊಂಡಿರುವ ಮಾವ, ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬಂದಿರುವ, ಅವರ ತಂಗಿಯ ಮಗಳು.)

ಸೊಸೆ: ಬಂದಾಗಿನಿಂದ ಒಂದೇ ಸಮನೆ ಹೊಯ್ಯುತ್ತಿದೆ ಮಾವ. ಪೇಟೆ ಗದ್ದಲ ಬಿಟ್ಟು ಒಬ್ಬಳೇ ಗುಡ್ಡದ ಎದುರು ಕೂತರೆ ಸ್ಫೂರ್ತಿ ತಾನಾಗಿ ಬರುತ್ತೆ ಅಂದುಕೊಂಡಿದ್ದೆ.

ಮಾವ: ಏನು ಬಂತು?

ಸೊಸೆ: ಉಂಬಳ.

ಮಾವ: ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ಹೋಗು ಅಂದರೆ ಕೇಳಲಿಲ್ಲ. ಹೋಗಲಿ, ಎಂಥ ಚಿತ್ರ ಬೇಕು ಅಂತ ಹೊರಟಿದ್ದೆ?

ಸೊಸೆ: ಕುಂದಾದ್ರಿ ಗುಡ್ಡದ್ದು. ಕೆಳಗೆಲ್ಲ ಬಿಳಿ ಮೋಡ, ಅದರ ಮೇಲೆ ಬಂಡೆಯ ತಲೆ ಮಾತ್ರ. ಅಂಥದ್ದೊಂದನ್ನ ಇನ್‌ಸ್ಟಾಗ್ರಾಮಿನಲ್ಲಿ ನೋಡಿದ್ದೆ. ಎಲ್ಲಿ ನಿಂತು ತೆಗೆದದ್ದು ಅಂತ ಪತ್ತೆ ಮಾಡಿಕೊಂಡು ಅದೇ ಜಾಗಕ್ಕೆ ಹೋದೆ. ಕಂಡಿದ್ದು ಬರೀ ಬೂದು ಗೋಡೆ.

ಮಾವ: ಹಾಗಾದರೆ ಒಬ್ಬಳೇ ಹೋಗಿದ್ದೆ ಅನ್ನಬೇಡ ಮಾರಾಯ್ತಿ. ಆ ಚಿತ್ರ ತೆಗೆದವನು ನಿನ್ನ ಜೊತೆಗೇ ಬಂದಿದ್ದ, ಅದನ್ನ ಮೆಚ್ಚಿದವರೂ ಬಂದಿದ್ದರು. ಅಷ್ಟು ಜನ ಬೆನ್ನ ಹಿಂದೆ ನಿಂತಿರುವಾಗ ಎದುರಿನ ಮಂಜು ಗೋಡೆಯಾಗದೆ ಇನ್ನೇನಾಗುತ್ತೆ? ಅಲ್ಲದೆ ನೀನು ಕೇಳಿದ ಚಿತ್ರ ಈ ತಿಂಗಳದ್ದೇ ಅಲ್ಲ.

ಸೊಸೆ: ತಿಂಗಳಿಗೂ ಅದಕ್ಕೂ ಏನು?

ಮಾವ: ಮೋಡದಲ್ಲಿ ಎರಡು ಜಾತಿ ಇದೆ. ಈಗಿನದು ಸಮುದ್ರದಿಂದ ಬಂದದ್ದು. ಹಸಿಗಾಳಿ ಘಟ್ಟಕ್ಕೆ ಹೊಡೆದು ಮೇಲೇರುತ್ತೆ, ಏರಿದ ಹಾಗೆ ತಣ್ಣಗಾಗಿ ಮೋಡವಾಗುತ್ತೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯೋದು ಇದರಿಂದಲೇ. ಈ ಮೋಡ ಗುಡ್ಡದ ನೆತ್ತಿಯ ಮೇಲೇ ಕೂರುತ್ತೆ, ಮೇಲೆ ಹೋದರೆ ನೀನು ಅದರ ಹೊಟ್ಟೆಯೊಳಗಿರ್ತೀಯ. ನೀನು ಫೋನಿನಲ್ಲಿ ನೋಡಿದ್ದು ಕಾರ್ತಿಕ, ಮಾರ್ಗಶಿರದ್ದು. ಆಗ ಆಕಾಶ ಶುಭ್ರ, ರಾತ್ರಿ ನೆಲದ ಬಿಸಿ ಆರಿಹೋಗುತ್ತೆ, ತಣ್ಣನೆ ಗಾಳಿ ಕಣಿವೆಗೆ ಇಳಿದು ಅಲ್ಲೇ ಮಂಜಾಗಿ ನಿಲ್ಲುತ್ತೆ. ಬೆಳಗ್ಗೆ ಗುಡ್ಡ ಮೇಲೆ, ಮಂಜು ಕೆಳಗೆ. ಬಿಸಿಲು ಏರಿದ ಮೇಲೆ ಇರೋದಿಲ್ಲ. ನವೆಂಬರಿನ ಚಿತ್ರವನ್ನ ಜುಲೈನಲ್ಲಿ ಕೇಳಿದರೆ ಗುಡ್ಡ ಎಲ್ಲಿಂದ ತಂದುಕೊಡುತ್ತೆ?

ಸೊಸೆ: ಅಂದರೆ ಸ್ಫೂರ್ತಿ ಅನ್ನೋದು ಹವಾಮಾನದ ಜ್ಞಾನ ಅಂತಲೋ?

ಮಾವ: ಅಷ್ಟೇ ಅಲ್ಲ. ಆದರೆ ಅದು ಗೊತ್ತಿಲ್ಲದವನು ಸ್ಫೂರ್ತಿ ಬರಲಿಲ್ಲ ಅಂತ ಬೈಕೊಂಡು ಹೋಗ್ತಾನೆ. ಮಳೆಗಾಲದಲ್ಲಿ ಆಗುಂಬೆಗೆ ಸೂರ್ಯಾಸ್ತ ನೋಡೋಕೆ ಬಂದವರ ಹಾಗೆ.

ಸೊಸೆ: ಬೇರೆಯವರ ಚಿತ್ರ ನೋಡದೆ ಯಾರು ಕಲೀತಾರೆ ಮಾವ? ನೀವೂ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನ ಪುಸ್ತಕ ಎದುರಿಟ್ಟುಕೊಂಡೇ ಕಲಿತಿದ್ದು ಅಂತ ಅಮ್ಮ ಹೇಳ್ತಾಳೆ. ಅವನಾದರೂ ಯೊಸೆಮಿಟಿ ಬೆಟ್ಟಗಳಲ್ಲಿ ಒಬ್ಬನೇ ಅಲೆದು...

ಮಾವ: ಒಬ್ಬನೇ ಅಲೆದ ಅಂತ ಯಾರು ಹೇಳಿದ್ದು? ಅವನಿಗೆ ಹೆಸರು ತಂದ ಹಾಫ್ ಡೋಮ್ ಬಂಡೆಯ ಚಿತ್ರ, 'ಮೊನೊಲಿತ್', 1927ರ ಏಪ್ರಿಲ್‌ನದು. ಆವತ್ತು ಹಿಮದಲ್ಲಿ ಕೊರಕಲು ಹತ್ತುವಾಗ ಜೊತೆಗೆ ಗೆಳೆಯರಿದ್ದರು, ಮುಂದೆ ಮದುವೆಯಾಗಲಿದ್ದ ವರ್ಜೀನಿಯಾ ಇದ್ದಳು. 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಬಂದದ್ದನ್ನ ತೆಗೆದಾಗಲೂ ಜೊತೆಗೆ ಮಗ ಇದ್ದ, ಸೆಡ್ರಿಕ್ ರೈಟ್ ಅನ್ನೋ ಗೆಳೆಯ ಇದ್ದ. ಬೆಳಕು ಹೋಗ್ತಿದೆ, ಅದು ಕೊಡಿ ಇದು ಕೊಡಿ ಅಂತ ಅವರಿಬ್ಬರ ಮೇಲೆ ಕೂಗಾಡಿದ್ದನ್ನ ಅವನೇ ಬರೆದಿದ್ದಾನೆ. ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟಿರುತ್ತೆ ಅನ್ನೋದು ಬಾಯಿಪಾಠವಿತ್ತು, ಆ ಲೆಕ್ಕದಲ್ಲೇ ಒಂದು ತೆಗೆದ. ಇನ್ನೊಂದಕ್ಕೆ ಹೊಂದಿಸೋದರೊಳಗೆ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಸೊಸೆ: ಹಾಗಾದರೆ ಏಕಾಂತದ ಮಾತೆಲ್ಲ ಸುಳ್ಳು.

ಮಾವ: ಸುಳ್ಳಲ್ಲ ಕಣೆ. ಜನ ಇಲ್ಲದಿದ್ದರೆ ಅದು ಬಂದುಬಿಡುತ್ತೆ ಅನ್ನೋದು ಸುಳ್ಳು. ಹಾಫ್ ಡೋಮ್ ಸಂಗತಿಯನ್ನೇ ತಗೋ. ಹನ್ನೆರಡು ಗಾಜಿನ ಪ್ಲೇಟು ಹೊತ್ತುಕೊಂಡು ಹೋಗಿದ್ದ, ಆ ಜಾಗ ಮುಟ್ಟೋ ಹೊತ್ತಿಗೆ ಉಳಿದದ್ದು ಎರಡು. ಮೊದಲನೆಯದನ್ನ ಹಳದಿ ಫಿಲ್ಟರ್ ಹಾಕಿ ತೆಗೆದ. ತಪ್ಪೇನಿರಲಿಲ್ಲ. ಆದರೂ ಅನ್ನಿಸಿತು: ಇದರಲ್ಲಿ ಬಂಡೆ ಇದ್ದ ಹಾಗೆ ಬರುತ್ತೆ, ನನ್ನನ್ನ ಹಿಡಿದು ನಿಲ್ಲಿಸಿದ ಬಂಡೆ ಬರೋದಿಲ್ಲ. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ನೀಲಿ ಬೆಳಕನ್ನ ತಡೆಯುತ್ತೆ, ಆಕಾಶ ಕಪ್ಪಾಯ್ತು, ಬಂಡೆ ಅದರ ಮುಂದೆ ಎದ್ದು ನಿಂತಿತು. ಆ ಎರಡು ಪ್ಲೇಟಿನ ನಡುವಿನ ಗಳಿಗೆ ಇದೆಯಲ್ಲ, ನಾನು ಏಕಾಂತ ಅನ್ನೋದು ಅದಕ್ಕೆ. ಸುತ್ತ ಗೆಳೆಯರಿದ್ದರೂ ಆ ಪ್ರಶ್ನೆ ಅವನೊಬ್ಬನದೇ.

ಸೊಸೆ: ಎರಡೇ ಉಳಿದಿದ್ದಕ್ಕೆ ಆ ಪ್ರಶ್ನೆ ಬಂತು. ನನ್ನ ಕಾರ್ಡಿನಲ್ಲಿ ಸಾವಿರಗಟ್ಟಲೆ ಹಿಡಿಯುತ್ತೆ. ಹಳದಿಯೋ ಕೆಂಪೋ ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿಕೊಂಡರಾಯ್ತು.

ಮಾವ: ನನ್ನ ಯಾಶಿಕಾಕ್ಕೆ 120 ರೋಲು ಹಾಕಿದರೆ ಹನ್ನೆರಡೇ ಫ್ರೇಮು. ಊಟಿಯಲ್ಲಿ ತಯಾರಾಗ್ತಿದ್ದ 'ಇಂದು' ಫಿಲ್ಮು. ಮದುವೆ ಮನೆಯಲ್ಲಿ ಉಳಿಸಿಕೊಂಡ ಒಂದೆರಡು ಫ್ರೇಮು ಗುಡ್ಡಕ್ಕೆ. ಕೊರತೆಯೇ ದೊಡ್ಡ ಗುಣ ಅಂತ ನಾನು ಹೇಳೋದಿಲ್ಲ, ಆಗ ನಿನ್ನ ಕ್ಯಾಮೆರಾ ಸಿಕ್ಕಿದ್ದರೆ ಎರಡೂ ಕೈಯಲ್ಲಿ ಬಾಚಿಕೊಳ್ತಿದ್ದೆ. ಆದರೆ ಫ್ರೇಮು ಕಮ್ಮಿ ಇದ್ದವನು ಒತ್ತೋದಕ್ಕೆ ಮುಂಚೆ ನೋಡ್ತಾನೆ, ಜಾಸ್ತಿ ಇದ್ದವನು ಒತ್ತಿದ ಮೇಲೆ ನೋಡ್ತಾನೆ. ಮಧ್ಯಾಹ್ನ ತೋಟದಿಂದ ಕಾಣ್ತಿತ್ತು ನನಗೆ. ಪ್ರತಿ ಸಲ ಒತ್ತಿದ ಕೂಡಲೇ ಕತ್ತು ಬಗ್ಗಿಸಿ ಪರದೆ ನೋಡ್ತಿದ್ದೆ. ಅಷ್ಟರಲ್ಲಿ ಎದುರಿನ ಬೆಳಕು ಬಂದು ಹೋಯ್ತು.

ಸೊಸೆ: ಯಾವ ಬೆಳಕು? ಗುಡ್ಡ ಒಂದು ಸಲವೂ ಬಿಡಲಿಲ್ಲ.

ಮಾವ: ಗುಡ್ಡದ ಮಾತಲ್ಲ. ಊಟದ ಹೊತ್ತಿಗೆ ಮಳೆ ಒಂದಿಷ್ಟು ಹೊಳವಾಯ್ತು. ನಟ್ಟಿಗೆ ಹೂಡಿ ಬಿಟ್ಟ ಗದ್ದೆಯಲ್ಲಿ ಕೆಸರುನೀರು ನಿಂತಿತ್ತು. ಮೋಡ ಎಲ್ಲೋ ತೆಳುವಾಗಿ, ಆ ಬೆಳಕು ನೀರಿಗೆ ಬಿದ್ದು, ಅಲ್ಲಿಂದ ಎದ್ದು ಬದುವಿನ ಹುಲ್ಲಿನ ಅಡಿಗೆ ಹೊಡೀತು. ಹುಲ್ಲಿನ ಬುಡ ಬೆಳಗ್ತಿದೆ, ತುದಿ ಕಪ್ಪಗಿದೆ. ಗದ್ದೆಯಾಚೆ ಕಾಡಿನ ಅಂಚು. ಬಿಸಿಲಿದ್ದಾಗ ಅದು ಒಂದೇ ಹಸಿರು ಮುದ್ದೆ, ನೋಡೋಕೆ ಏನೂ ಇಲ್ಲ. ಆಗ ಮಂಜಿನ ಒಂದು ಎಳೆ ಎಡದಿಂದ ನುಸುಳಿತು ನೋಡು, ಒಂದೊಂದೇ ಮರವನ್ನ ಅದರ ಹಿಂದಿನ ಮರದಿಂದ ಬಿಡಿಸ್ತಾ ಹೋಯ್ತು. ಮುಂದಿನ ಹೆಬ್ಬಲಸು ಕಪ್ಪು, ಅದರ ಹಿಂದಿನ ನೇರಳೆ ಬೂದು, ಅದರ ಹಿಂದಿನದು ಉಂಟೋ ಇಲ್ಲವೋ. ಎಲೆ ನೆನೆದಿತ್ತು, ಮೇಲೆ ಬೆಳ್ಳನೆ ಆಕಾಶದ ಹೊಳಪು ಕೂತಿತ್ತು. ನಿನ್ನ ಹತ್ತಿರ ಪೋಲರೈಸರ್ ಇದೆಯಲ್ಲ, ಅದನ್ನ ಒಂಚೂರು ತಿರುಗಿಸಿದ್ದರೆ ಆ ಹೊಳಪು ಇಳಿದು ಒಳಗಿನ ಹಸಿರು ಬರ್ತಿತ್ತು. ಪೂರ್ತಿ ತಿರುಗಿಸಿದ್ದರೆ ಗದ್ದೆ ನೀರಿನ ಬೆಳಕೂ ಸತ್ತುಹೋಗ್ತಿತ್ತು. ಎಷ್ಟು ತಿರುಗಿಸಬೇಕು ಅಂತ ಯಾವ ಪುಸ್ತಕವೂ ಹೇಳೋದಿಲ್ಲ.

ಸೊಸೆ: ಅದು ನನಗೂ ಕಂಡಿತ್ತು ಮಾವ. ಆದರೆ ಗದ್ದೆ ನಡುವೆ ನಟ್ಟಿ ಹೆಂಗಸರಿದ್ದರು, ನೀಲಿ ಪ್ಲಾಸ್ಟಿಕ್ ಹೊದ್ದುಕೊಂಡು. ಫ್ರೇಮು ಕೆಡುತ್ತೆ ಅಂತ ಬಿಟ್ಟೆ.

ಮಾವ: ಪ್ಲಾಸ್ಟಿಕ್ ಬದಲು ಗೊರಬು ಹಾಕಿದ್ದರೆ ತೆಗೀತಿದ್ದೆಯಾ?

ಸೊಸೆ: ತೆಗೀತಿದ್ದೆ.

ಮಾವ: ಹಾಗಾದರೆ ನಿನ್ನ ಜಗಳ ಜನರ ಜೊತೆ ಅಲ್ಲ, ಇಸವಿಯ ಜೊತೆ. ಗೊರಬು ಕಟ್ಟೋರು ಕಮ್ಮಿಯಾದರು, ಪ್ಲಾಸ್ಟಿಕ್ ಹಗುರ, ಹೊದ್ದರು. ಆ ನೀರು ಅಲ್ಲಿ ನಿಂತದ್ದೇ ಅವರ ಮನೆಯವರು ಹೂಟಿ ಮಾಡಿ ಬದು ಕಟ್ಟಿದ್ದರಿಂದ. ನಮ್ಮ ಮಲೆನಾಡಿನಲ್ಲಿ ಪ್ರಕೃತಿ ಅಂತ ನೀನು ತೆಗೆಯೋದರಲ್ಲಿ ಅರ್ಧ ಯಾರದೋ ದುಡಿಮೆ. ಕುಂದಾದ್ರಿಯ ತಲೆಯ ಮೇಲೂ ಬಸದಿ ಇದೆ, ಕೊಳ ಇದೆ.

ಸೊಸೆ: ಆಡಮ್ಸ್ ಚಿತ್ರಗಳಲ್ಲಿ ಮನುಷ್ಯರು ಎಲ್ಲಿದ್ದಾರೆ? ಆ ನಿರ್ಜನತೆಯೇ ಅಲ್ಲವಾ ಅದರ ಗಾಂಭೀರ್ಯ?

ಮಾವ: ಯೊಸೆಮಿಟಿ ಕಣಿವೆ ಅವನು ಹುಟ್ಟೋದಕ್ಕೆ ಮುಂಚೆಯೇ ಖಾಲಿ ಮಾಡಿಸಿದ ಜಾಗ. ಅಲ್ಲಿ ಅಹ್ವಾನೀಚಿ ಅನ್ನೋ ಮೂಲನಿವಾಸಿಗಳಿದ್ದರು. 1851ರಲ್ಲಿ ಸಶಸ್ತ್ರ ದಂಡು ಬಂದು ಅವರನ್ನ ಓಡಿಸಿತು. ಆಮೇಲೆ ಕ್ಯಾಮೆರಾ ಬಂತು, ನೋಡಿದವರೆಲ್ಲ ಯಾರೂ ಕಾಲಿಡದ ನೆಲ ಅಂದುಕೊಂಡರು. ನಮ್ಮ ಕಡೆಯದೂ ಹಾಗೇ. ಸ್ಯಾಮ್ಯುಯೆಲ್ ಬೋರ್ನ್ ಅನ್ನೋ ಇಂಗ್ಲಿಷ್ ಛಾಯಾಗ್ರಾಹಕ 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆದಾರಿ ಹತ್ತಿ, 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ. ಅದು ಹಸಿ ಪ್ಲೇಟಿನ ಕಾಲ. ಗಾಜಿಗೆ ಕೊಲೋಡಿಯನ್ ಬಳಿದು, ಒಣಗೋದರೊಳಗೆ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೀಬೇಕು. ಗಾಜು, ಔಷಧಿ, ಡೇರೆ ಎಲ್ಲಾ ಹೊತ್ತು ಹತ್ತಿದ ಕೂಲಿಯವರು ಹತ್ತಾರು ಜನ. ಚಿತ್ರದ ಕೆಳಗೆ ಹೆಸರು ಬೋರ್ನ್‌ನದು ಮಾತ್ರ.

ಸೊಸೆ: ಇದು ನನಗೆ ಬೇರೆ ಥರ ಹೊಳೀತಿದೆ. ಹೇಳಲಾ? ನೀವು ಬೆನ್ನ ಹಿಂದೆ ಯಾರೂ ಇರಬಾರದು ಅಂತೀರಿ. ನಿಮಗೆ ಅದು ಮಾತಿನ ಚಂದಕ್ಕೆ. ನನಗೆ ಅದು ನಿಜವಾದ ಬೆನ್ನು. ಒಬ್ಬಳೇ ಟ್ರೈಪಾಡ್ ಊರಿ ನಿಂತರೆ ಒಂದು ಕಣ್ಣು ವ್ಯೂಫೈಂಡರಿನಲ್ಲಿ, ಒಂದು ಕಿವಿ ರಸ್ತೆಯ ಕಡೆ. ಬೈಕು ನಿಧಾನ ಮಾಡಿದ ಸದ್ದಾದರೆ ಸಾಕು, ಬೆಳಕು ಗಿಳಕು ಎಲ್ಲಾ ಮರೆತುಹೋಗುತ್ತೆ. ಆಡಮ್ಸ್, ಬೋರ್ನ್, ನೀವು... ಏಕಾಂತದ ಬಗ್ಗೆ ಮಾತಾಡಿದವರೆಲ್ಲ ಗಂಡಸರು.

ಮಾವ: ಇವತ್ತೂ ಹಾಗೇ ಆಯ್ತಾ?

ಸೊಸೆ: ಇಲ್ಲ. ಇವತ್ತು ಮಾತ್ರ ಆಗಲಿಲ್ಲ. ಯಾಕೆ ಅಂತ ಈಗ ಗೊತ್ತಾಗ್ತಿದೆ. ಆ ಹೆಂಗಸರು ಗದ್ದೆಯಲ್ಲಿದ್ದರು. ನಾನು ಬಂದ ಕೂಡಲೇ ಒಬ್ಬಾಕೆ ಯಾರ ಮನೆಯವಳು ಅಂತ ಕೇಳಿದಳು. ನಿಮ್ಮ ಹೆಸರು ಹೇಳಿದೆ, ಅಷ್ಟೇ, ಮತ್ತೆ ತಿರುಗಿ ನೋಡಲಿಲ್ಲ. ಅವರ ಪಾಡಿಗೆ ಅವರು ಅಗೆ ಊರ್ತಾ, ಮಾತಾಡ್ತಾ ಇದ್ದರು. ನಾನು ಅಷ್ಟು ಹೊತ್ತು ರಸ್ತೆ ಕಡೆ ತಿರುಗದೆ ನಿಂತದ್ದು ಅವರಿದ್ದರು ಅಂತಲೇ. ಅವರನ್ನೇ ಫ್ರೇಮಿನಿಂದ ತೆಗೆದುಹಾಕಿದೆ.

ಮಾವ: ಇದು ನನಗೆ ಹೊಳೆದಿರಲಿಲ್ಲ. ಸರಿಯಾದ ಮಾತು.

ಸೊಸೆ: ಏಕಾಂತ ಅಂದರೆ ನಿರ್ಜನ ಅಲ್ಲ ಅಂತ ನೀವು ಹೇಳಿದಿರಿ. ನಾನು ಇನ್ನೊಂದು ಹೆಜ್ಜೆ ಹೋಗ್ತೀನಿ. ಏಕಾಂತವನ್ನ ನಮಗೆ ಕೊಡೋರೇ ಜನ. ತಮ್ಮ ಕೆಲಸದಲ್ಲಿ ಮುಳುಗಿ, ನಮ್ಮನ್ನ ನಮ್ಮ ಕೆಲಸಕ್ಕೆ ಬಿಡೋ ಜನ.

ಮಾವ: ಹಾಗಾದರೆ ಆ ಜಾಗವನ್ನ ನೀನು ಅವರಿಗೆ ಹೇಗೆ ವಾಪಸು ಕೊಡ್ತೀಯ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಚಿತ್ರ ಹಾಕ್ತೀಯ, ಜೊತೆಗೆ ನಕ್ಷೆಯಲ್ಲಿ ಗುರುತು ಹಾಕ್ತೀಯ. ಮುಂದಿನ ಭಾನುವಾರ ಅಲ್ಲಿ ಕಾರು ಸಾಲುಗಟ್ಟಿ ನಿಲ್ಲುತ್ತೆ. 2022ರಲ್ಲಿ ಮುಳ್ಳಯ್ಯನಗಿರಿ ಸಾಲಿನಲ್ಲಿ ಕುರಿಂಜಿ ಅರಳಿದಾಗ ಏನಾಯ್ತು? ಹನ್ನೆರಡು ವರ್ಷಕ್ಕೊಮ್ಮೆ ಅರಳಿ, ಬೀಜ ಉದುರಿಸಿ ಸಾಯೋ ಗಿಡ. ಬೀಜ ಕಟ್ಟೋ ಮುಂಚೆ ಹೂ ಕಿತ್ತು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು.

ಸೊಸೆ: 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿ ಜಾತ್ರೆಯಾಗಿತ್ತಲ್ಲ, ಆ ವೀಡಿಯೊ ನನಗೂ ಬಂದಿತ್ತು. ಆಮೇಲೇ ಅರಣ್ಯ ಇಲಾಖೆ ಆನ್‌ಲೈನಿನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಚಾರಣ, ದಿನಕ್ಕೆ 300 ಜನ ಅಂತ ಮಿತಿ ತಂದಿದ್ದು. ಆದರೆ ಚಿತ್ರ ಹಾಕಬಾರದು ಅನ್ನೋದನ್ನ ಒಪ್ಪೋದಿಲ್ಲ. ಆಡಮ್ಸ್ 1938ರಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ಚಿತ್ರಗಳ ಪುಸ್ತಕ ತಂದ. ಅದು ಅಮೆರಿಕದ ಒಳಾಡಳಿತ ಮಂತ್ರಿಯ ಕೈಗೆ ಹೋಯ್ತು, ಅವರು ಅಧ್ಯಕ್ಷ ರೂಸ್‌ವೆಲ್ಟ್‌ಗೆ ತೋರಿಸಿದರು. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನ ಆಯ್ತು. ಚಿತ್ರ ಜಾಗವನ್ನ ಹಾಳೂ ಮಾಡುತ್ತೆ, ಕಾಯುತ್ತೆ ಕೂಡ.

ಮಾವ: ಚಿತ್ರ ಕೊಡು, ವಿಳಾಸ ಕೊಡಬೇಡ. ಕುಂದಾದ್ರಿ ಅಂತ ಬರಿ, ಅದು ಎಲ್ಲರಿಗೂ ಗೊತ್ತಿರೋದು, ಮೇಲಿನವರೆಗೆ ರಸ್ತೆಯೇ ಇದೆ. ಯಾರ ಗದ್ದೆ ಬದುವಿನ ಮೇಲೆ ನಿಂತು ತೆಗೆದೆ ಅಂತ ಬರೀಬೇಡ. ಇನ್ನೊಂದು, ತೆಗೆದ ದಿನವೇ ಹಾಕಬೇಡ. ಒಂದು ಮಳೆಗಾಲ ಇಟ್ಟು ನೋಡು. ಆಗಲೂ ಅದರಲ್ಲಿ ಏನಾದರೂ ಉಳಿದಿದ್ದರೆ ಹಾಕು.

ಸೊಸೆ: ನೀವು ಎಷ್ಟು ಮಳೆಗಾಲ ಇಟ್ಟಿದ್ದೀರಿ?

ಮಾವ: ಅಂದರೆ?

ಸೊಸೆ: ಅಟ್ಟದ ಟ್ರಂಕು. ಬೆಳಗ್ಗೆ ಛತ್ರಿ ಹುಡುಕುವಾಗ ತೆರೆದು ನೋಡಿದೆ, ನಿಮ್ಮ ನೆಗೆಟಿವ್‌ಗಳು. ಅದೇ ಗುಡ್ಡ, ಅದೇ ಬಯಲು, ಬೇಸಿಗೆಯಲ್ಲಿ ಕರಕಲು ಹುಲ್ಲು, ಕೊಯ್ಲಾದ ಮೇಲಿನ ಕೂಳೆ, ಹೊಳೆ ತುಂಬಿ ಬಯಲೇ ಮುಳುಗಿದ್ದು. ಬೆಳಕಿಗೆ ಹಿಡಿದು ನೋಡ್ತಾ ಕೂತುಬಿಟ್ಟೆ. ಕೆಲವು ನೆಗೆಟಿವ್‌ಗಳ ಮೇಲೆ ಬೂಷ್ಟು ಹತ್ತಿದೆ. ಅಂಚಿನಿಂದ ಬಿಳಿ ಎಳೆಗಳು ಕವಲೊಡೆದು ಆಕಾಶದೊಳಗೆ ಇಳಿದಿವೆ. ಜಿಲಾಟಿನ್ನೇ ತಿಂತಿದೆ ಅದು, ಒರೆಸಿದರೂ ಕಲೆ ಹೋಗೋದಿಲ್ಲ. ಇನ್ನೆರಡು ಮಳೆಗಾಲ ಬಿಟ್ಟರೆ ಗುಡ್ಡವೂ ಇರೋದಿಲ್ಲ.

ಮಾವ: ಅದನ್ನೆಲ್ಲ ಯಾರಿಗೂ ತೋರಿಸಬೇಕು ಅಂತ ತೆಗೆದದ್ದಲ್ಲ.

ಸೊಸೆ: ಅದಕ್ಕೇ ಅಷ್ಟು ಚೆನ್ನಾಗಿರೋದು, ಅದರಲ್ಲಿ ನಿಮ್ಮ ವಾದ ಗೆದ್ದಿದೆ. ಆದರೆ ತೆಗೆಯುವಾಗ ಯಾರೂ ನೋಡಬಾರದು ಅನ್ನೋದು ಬೇರೆ, ತೆಗೆದ ಮೇಲೂ ಯಾರೂ ನೋಡಬಾರದು ಅನ್ನೋದು ಬೇರೆ. ನಿಮ್ಮ ಗುರುವನ್ನೇ ನೋಡಿ. ಆ ಹೆರ್ನಾಂಡೆಜ್ ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಪ್ರಿಂಟು ಹಾಕಿದ. ಮೊದಲಿನವುಗಳಲ್ಲಿ ಆಕಾಶದಲ್ಲಿ ಮೋಡದ ಗೀರುಗಳಿವೆ. ವರ್ಷ ಕಳೆದ ಹಾಗೆ ಆಕಾಶ ಕಪ್ಪಾಗ್ತಾ ಹೋಯ್ತು, ಕೊನೆಗೆ ಕಪ್ಪು ಆಕಾಶ, ಬಿಳಿ ಚಂದ್ರ, ಅಷ್ಟೇ. ಒಂದೇ ಕ್ಷಣದಲ್ಲಿ ತೆಗೆದದ್ದನ್ನ ನೋಡಿ ಮುಗಿಸೋಕೆ ಅವನಿಗೆ ಜೀವಮಾನ ಹಿಡೀತು. ಜನರ ಮುಂದೆ ಇಡ್ತಾ ಇದ್ದದ್ದರಿಂದಲೇ ಅವನೂ ಮತ್ತೆ ಮತ್ತೆ ನೋಡಿದ. ನೀವು ಟ್ರಂಕಿನೊಳಗೆ ಹಾಕಿ ನೋಡೋದನ್ನೇ ನಿಲ್ಲಿಸಿದಿರಿ.

ಮಾವ: ಸ್ಟುಡಿಯೊ ಮುಚ್ಚಿದ ಮೇಲೆ ಡಾರ್ಕ್‌ರೂಮ್ ಎಲ್ಲಿತ್ತು? ಎನ್‌ಲಾರ್ಜರನ್ನ ಗುಜರಿಗೆ ಹಾಕಿದೆ.

ಸೊಸೆ: ಸ್ಕ್ಯಾನರ್ ನಾನು ತರ್ತೀನಿ. ಮುಂದಿನ ಸಲ ಬಂದಾಗ ಎಲ್ಲಾ ಸ್ಕ್ಯಾನ್ ಮಾಡೋಣ. ಯಾವುದನ್ನ ಉಳಿಸಬೇಕು, ಆಕಾಶ ಎಷ್ಟು ಕಪ್ಪಿರಬೇಕು, ನೀವು ಪಕ್ಕದಲ್ಲಿ ಕೂತು ಹೇಳಬೇಕು.

ಮಾವ: ಬೂಷ್ಟು ಹತ್ತಿದ ಆಕಾಶವನ್ನ ಕಂಪ್ಯೂಟರಿನಲ್ಲಿ ತಿದ್ದಬಾರದು. ಮಲೆನಾಡಿನ ಮಳೆ ತಿಂದದ್ದು, ಹಾಗೇ ಇರಲಿ. ಜಾಗದ ಹೆಸರಿನ ಜೊತೆ ದಾರಿ ಬರೆಯೋ ಹಾಗಿಲ್ಲ. ಮೊದಲು ಊರವರಿಗೆ ತೋರಿಸಬೇಕು, ಆಮೇಲೆ ನಿನ್ನ ಫೋನಿನವರಿಗೆ.

ಸೊಸೆ: ಒಪ್ಪಿದೆ. ಅಲ್ಲಿಯವರೆಗೆ ಉಳಿದವು ಕೆಡದ ಹಾಗೆ ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಗೆ ತುಂಬಿಡ್ತೀನಿ. ನನ್ನ ಲೆನ್ಸಿಗೆ ಅಂತ ತಂದದ್ದು ಬ್ಯಾಗಿನಲ್ಲೇ ಇದೆ.

ಮಾವ: ನೀನು ನಾಳೆ ಗದ್ದೆಗೆ ಹೋಗು. ನಟ್ಟಿ ಮುಗಿಯೋದರೊಳಗೆ ತೆಗೆಯೋದಿದ್ದರೆ ತೆಗಿ. ಅವರನ್ನ ಕೇಳಿ ತೆಗಿ.

ಸೊಸೆ: ಕೇಳಿದರೆ ಕ್ಯಾಮೆರಾ ಕಡೆ ತಿರುಗಿ ನಗ್ತಾರೆ. ಆಗ ಗುಂಪು ಫೋಟೊ ಆಗುತ್ತೆ ಅದು.

ಮಾವ: ಆಗಲಿ. ಮೊದಲು ಆ ಗುಂಪು ಫೋಟೊವನ್ನೇ ಚೆನ್ನಾಗಿ ತೆಗೆದುಕೊಡು. ಆಮೇಲೆ ನಗೋದು ನಿಲ್ಲಿಸ್ತಾರೆ, ನಿನ್ನನ್ನ ಮರೀತಾರೆ, ಬಗ್ಗಿ ಅಗೆ ಊರ್ತಾರೆ. ಆಗ ನಿನ್ನ ಕೆಲಸ ಶುರು ಮಾಡು.